ಪಂಪಿನ ಪುಸ್ತಕದ ಇಂಗ್ಲಿಷು

ತನಗೆ ಬಾರದ ವಿದ್ಯೆಯನ್ನು ಮಕ್ಕಳಿಗೆ ಕಲಿಸುವ ಧೈರ್ಯ ಅಪ್ಪಂದಿರಿಗೆ ಮಾತ್ರ ಇರುತ್ತದೆ. ನನಗೂ ಇತ್ತು. ಎಂಬತ್ತರ ದಶಕದ ನಡುವಿನ ಮಾತು. ಕೊಯಮತ್ತೂರಿನ ಗಣಪತಿ ಎಂಬ ಬಡಾವಣೆಯಲ್ಲಿ, ಮೋಟಾರ್ ಪಂಪು ಮಾಡುವ ಒಂದು ವರ್ಕ್‌ಶಾಪಿನಲ್ಲಿ ನಾನು ಸ್ಟೋರ್ ನೋಡಿಕೊಳ್ಳುತ್ತಿದ್ದೆ. ನಟ್ಟು, ಬೋಲ್ಟು, ವಾಷರು ಎಂದು ದಿನವಿಡೀ ಇಂಗ್ಲಿಷ್ ಪದಗಳನ್ನೇ ಎತ್ತಿ ಇಡುತ್ತಿದ್ದುದರಿಂದ ಆ ಭಾಷೆ ನನಗೆ ಬರುತ್ತದೆಂದೇ ನಂಬಿದ್ದೆ. ಕನ್ನಡವಾದರೋ ತಲೆಮಾರುಗಳಿಂದ ಮನೆಯೊಳಗೆ ಆಡುವ ಮಾತು. ಆದರೆ ಅದರ ಅಕ್ಷರ ಕಲಿತದ್ದು ಮದುವೆಯಾದ ಮೇಲೆ, ಚಾಮರಾಜನಗರದಿಂದ ಬಂದ ಹೆಂಡತಿ ಸರೋಜಳಿಂದ. ಶಾಲೆ, ಬಸ್ಸು, ಅಂಗಡಿ ಎಲ್ಲ ತಮಿಳು. ಹೀಗೆ ಮೂರು ಭಾಷೆಯಲ್ಲೂ ಅರೆಬೆಂದ ಮನುಷ್ಯ ನಾನು ಮಗಳಿಗೆ ಮೇಷ್ಟರಾಗಲು ಹೊರಟೆ.

ಮಗಳು ವಸಂತಿ ಐದನೆಯವರೆಗೆ ತಮಿಳಿನಲ್ಲಿ ಓದಿದವಳು. ಆರನೆಯ ತರಗತಿಗೆ ಇಂಗ್ಲಿಷ್ ಸೆಕ್ಷನ್ನಿಗೆ ಸೇರಿಸಿದವನು ನಾನೇ. ಅವಳನ್ನಾಗಲಿ ಸರೋಜಳನ್ನಾಗಲಿ ಒಂದು ಮಾತು ಕೇಳಿರಲಿಲ್ಲ. ದಿನಕ್ಕೆ ಐದು ಹೊಸ ಪದ, ಅವುಗಳ ಅರ್ಥ, ಒಂದೊಂದಕ್ಕೂ ಸ್ವಂತ ವಾಕ್ಯ ಕಲಿತು ಬರಬೇಕೆಂದು ಟೀಚರ್ ಕಟ್ಟಪ್ಪಣೆ ಮಾಡಿದ್ದರು. ಕ್ವಾರ್ಟರ್ಲಿ ಪರೀಕ್ಷೆಯಲ್ಲಿ ಸ್ವಂತವಾಗಿ ಹತ್ತು ಸಾಲು ಬರೆಯಲಾಗದವರು ಮರಳಿ ತಮಿಳು ಸೆಕ್ಷನ್ನಿಗೆ. ಮನೆ ತುಂಬ ಹರಟುತ್ತಿದ್ದ ಹುಡುಗಿ ಒಂದೇ ತಿಂಗಳಲ್ಲಿ ಮಾತು ಕಡಿಮೆ ಮಾಡಿದಳು. ಒಂದು ಸಂಜೆ ತಟ್ಟೆಯ ಮುಂದೆ ಕೂತು, "ಎಲ್ಲಾರ ಮುಂದೆ ನನ್ನ ಎಬ್ಬಿಸಿ ಆ ಕ್ಲಾಸಿಗೆ ಕಳಿಸಿಬಿಡ್ತಾರಾಪ್ಪಾ?" ಅಂತ ಕೇಳಿದಳು. ನನಗೆ ಸಂಕಟವಾಯಿತು. ಹಾಗಾದಾಗ ನಾನು ಏನು ಮಾಡುತ್ತೇನೋ ಅದನ್ನೇ ಮಾಡಿದೆ: ಸರೋಜಳ ಮೇಲೆ ಕೂಗಾಡಿದೆ. ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅವ್ವ, ಎಂದರೆ ಆನೈಮಲೈ ಕಡೆಯ ತೆಂಗಿನ ತೋಟದಲ್ಲಿ ಬೆಳೆದ ನನ್ನ ತಾಯಿ, ತಲೆ ಎತ್ತದೆಯೇ "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ" ಅಂದಳು.

ಡಿಕ್ಷನರಿ ಕೊಳ್ಳಬಹುದಿತ್ತು. ಆದರೆ ದಿನಕ್ಕೆ ಐದರಂತೆ ಹೋದರೆ ಪರೀಕ್ಷೆಯ ಹೊತ್ತಿಗೆ ನಾವು ಎ ಅಕ್ಷರವನ್ನೂ ದಾಟುತ್ತಿರಲಿಲ್ಲ. ಆಗ ಹೊಳೆದದ್ದು ನಮ್ಮ ಪ್ರತಿ ಪಂಪಿನ ಜೊತೆ ಹೋಗುವ ಕೈಪುಸ್ತಕ. ಎಡಗಡೆ ಇಂಗ್ಲಿಷು, ಬಲಗಡೆ ತಮಿಳು. ಅದನ್ನು ಓದಿ ರೈತ ಬಾವಿಗೆ ಪಂಪು ಇಳಿಸುತ್ತಾನೆ ಎಂದಮೇಲೆ ನನ್ನ ಮಗಳು ಪರೀಕ್ಷೆ ದಾಟಲಾರಳೇ? ಗ್ರೀಸ್ ಕಲೆಯಿದ್ದ ಒಂದು ಪ್ರತಿಯನ್ನು ಮನೆಗೆ ತಂದೆ. ಸಂಜೆ ಬಸ್ಸಿಳಿದು ಬಂದು ಕಾಫಿ ಕುಡಿದ ಕೂಡಲೇ ಪಾಠ. ಡ್ಯೂರಬಲ್ ಎಂದರೆ ಬಹುಕಾಲ ಬಾಳುವಂಥದು. ಲೂಬ್ರಿಕೇಟ್ ಎಂದರೆ ಎಣ್ಣೆ ಹಾಕುವುದು. ಹೆವಿ ಡ್ಯೂಟಿ ಎಂದರೆ ಎಷ್ಟು ದುಡಿಸಿದರೂ ತಡೆಯುವಂಥದು. ಸ್ವಂತ ವಾಕ್ಯಕ್ಕೆ ಮನೆಯಲ್ಲಿ ಕಾಣುವುದನ್ನೇ ಹಿಡಿ ಎಂದು ಹೇಳಿಕೊಟ್ಟಿದ್ದೆ. ಸರೋಜ ಅಡುಗೆಮನೆಯಿಂದ, "ಮಗೂಗೆ ಇಂಗ್ಲಿಷ್ ಹೇಳಿಕೊಡ್ತಾ ಇದೀರೋ, ಮೋಟಾರ್ ಬಿಚ್ಚೋದು ಹೇಳಿಕೊಡ್ತಾ ಇದೀರೋ?" ಎಂದು ಕೇಳುತ್ತಿದ್ದಳು. ವಿದ್ಯೆಯ ಬೆಲೆ ತಿಳಿಯದವರ ಮಾತಿಗೆ ನಾನು ಉತ್ತರ ಕೊಡುತ್ತಿರಲಿಲ್ಲ.

ಪರೀಕ್ಷೆ ಮುಗಿದ ವಾರ ಟೀಚರ್ ನನ್ನನ್ನು ಕರೆಸಿದರು. ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. ವಸಂತಿ ಬಾಗಿಲ ಬಳಿ ನಿಂತು ತನ್ನ ಲಂಗದ ತುದಿಯನ್ನು ತಿರುಚುತ್ತಿದ್ದಳು. "ಉಕ್ಕಾರುಂಗೊ ಸಾರ್" ಎಂದು ಕುರ್ಚಿ ತೋರಿಸಿ ಟೀಚರ್ ಉತ್ತರ ಪತ್ರಿಕೆ ಮುಂದಿಟ್ಟರು. ವಿಷಯ, ನನ್ನ ಅಜ್ಜಿ. ಮೊದಲ ಸಾಲೇ, 'ಮೈ ಗ್ರ್ಯಾಂಡ್‌ಮದರ್ ಈಸ್ ಹೆವಿ ಡ್ಯೂಟಿ.' ನನ್ನ ಕಿವಿ ಬಿಸಿಯಾಯಿತು. ಮುಂದಿನದನ್ನು ಕನ್ನಡದಲ್ಲಿ ಹೇಳುತ್ತೇನೆ: ಅಜ್ಜಿ ಬೆಳಗ್ಗೆ ಐದಕ್ಕೆ ಸ್ಟಾರ್ಟ್ ಆಗುತ್ತಾಳೆ. ಎಲ್ಲ ಹವೆಗೂ ಒಗ್ಗುತ್ತಾಳೆ. ಕೂರುವಾಗ, ಏಳುವಾಗ ಅವಳ ಎರಡು ಬೇರಿಂಗುಗಳಲ್ಲಿ ಸದ್ದು ಬರುತ್ತದೆ. ಅದನ್ನು ಅವಳು ಯಾರಿಗೂ ಹೇಳುವುದಿಲ್ಲ. ದಿನಾಲೂ ಎಣ್ಣೆ ಹಾಕಬೇಕು. ಅವಳಿಗೆ ಸ್ಪೇರ್ ಪಾರ್ಟ್ ಎಲ್ಲೂ ಸಿಗುವುದಿಲ್ಲ. ಆದ್ದರಿಂದ ಜೋಪಾನವಾಗಿ ನೋಡಿಕೊಳ್ಳಬೇಕು.

ವರ್ಕ್‌ಶಾಪಿನಲ್ಲಿ ಬೇರಿಂಗು ಸವೆದರೆ ಹತ್ತು ಅಡಿ ದೂರದಿಂದ ಹೇಳಬಲ್ಲವನು ನಾನು. ಒಂದೇ ಮನೆಯಲ್ಲಿ ಹೆತ್ತ ತಾಯಿಯ ಮಂಡಿ ಸದ್ದು ಮಾಡುತ್ತಿದ್ದುದು ನನಗೆ ಕೇಳಿಸಿರಲಿಲ್ಲ. ಆ ಕಾಗದದ ಮುಂದೆ ನಾಚಿಕೆಯಾಯಿತು. ಕಣ್ಣೂ ತುಂಬಿತು. ಟೀಚರ್ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ತಮಿಳಿನಲ್ಲೇ ಹೇಳಿದರು: "ಕ್ಲಾಸಿನಲ್ಲಿ ಎಲ್ಲರೂ ಗೈಡಿನಿಂದ ಒಬ್ಬಳೇ ಅಜ್ಜಿಯನ್ನು ಉರುಹೊಡೆದು ಬರೆದಿದ್ದಾರೆ ಸಾರ್. ಮಂಡಿ ಇರುವ ಅಜ್ಜಿ ಇವಳೊಬ್ಬಳೇ. ನಿಮ್ಮ ಮಗಳು ಇದೇ ಸೆಕ್ಷನ್ನಿನಲ್ಲಿರಲಿ. ಆದರೆ ದಯವಿಟ್ಟು ಅವಳಿಗೆ ಇನ್ನೊಂದು ಪುಸ್ತಕ ಕೊಡಿಸಿ." ಬಾಗಿಲ ಬಳಿ ಲಂಗದ ತುದಿ ಬಿಡುಗಡೆಯಾಯಿತು.

ಮನೆಗೆ ಬಂದು ಅವ್ವನಿಗೆ ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ. ಅವ್ವ ವಸಂತಿಯ ಕಡೆ ತಿರುಗಿದಳು. "ನನ್ ಮಂಡಿ ವಿಷಯ ನಿಂಗ್ಯಾರು ಹೇಳಿದ್ರು ಕಣ್ಣೂ?" ಎಂದಳು. "ನಾನು ನಿನ್ ಪಕ್ಕದಲ್ಲೇ ಅಲ್ವಾ ಅಜ್ಜೀ ಕೂತು ಓದೋದು" ಎಂದಳು ವಸಂತಿ. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಂದು ಅವಳ ಕಾಲ ಬಳಿ ಕೂತೆ.

ಎಣ್ಣೆ ತಿಕ್ಕುತ್ತಿದ್ದವನಿಗೆ ಪಕ್ಕದಲ್ಲಿದ್ದ ವಸಂತಿಯ ಅಭ್ಯಾಸದ ನೋಟ್ ಬುಕ್ಕು ಕಂಡಿತು. ತೆರೆದ ಹಾಳೆಯಲ್ಲಿ 'ನನ್ನ ಅಪ್ಪ' ಎಂದಿತ್ತು. ಆಸೆಯಿಂದ, ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ ಓದಿದೆ: ಸ್ಟಾರ್ಟ್ ಆಗುವಾಗ ಅಪ್ಪ ಬಹಳ ಸದ್ದು ಮಾಡುತ್ತಾರೆ. ಇದು ಸಹಜ. ಯಾರೂ ಹೆದರಬಾರದು. ಸ್ವಲ್ಪ ಹೊತ್ತು ಕಾಯಿರಿ.

"ಏಯ್! ಯಾರು ಹೇಳಿಕೊಟ್ಟಿದ್ದು ನಿಂಗೆ ಇದನ್ನೆಲ್ಲ?" ಎಂದು ಮನೆ ಹಾರಿಹೋಗುವಂತೆ ಕೂಗಿದೆ. ಅವ್ವ, ಸರೋಜ, ವಸಂತಿ ಮೂವರೂ ಹೆದರಲಿಲ್ಲ. ಸುಮ್ಮನೆ ನನ್ನನ್ನೇ ನೋಡುತ್ತಾ ಕಾದರು.