ಅಜ್ಜ ನೆಟ್ಟ ಊಟ

ಅಜ್ಜ: ನಿನ್ನ ಮುತ್ತಜ್ಜ ಎಂಥೋನು ಗೊತ್ತೇನೆ? ಬೀಜದ ಮೂಟೆ ತುಂಬಿದ ಗಾಡಿ ಕೆಸರಲ್ಲಿ ಹೂತುಹೋದಾಗ, ಸುಸ್ತಾದ ಎತ್ತುಗಳನ್ನ ಬಿಚ್ಚಿ ನೆರಳಿಗೆ ಕಟ್ಟಿ, ತಾನೇ ನೊಗಕ್ಕೆ ಹೆಗಲು ಕೊಟ್ಟೋನು! ಕೈ ಹಾಕೋಕೆ ಓಡಿಬಂದ ಜನಕ್ಕೆ ಏನಂದ?

ಮೊಮ್ಮಗಳು: "ದೂರ ಸರೀರಿ, ಇದು ನನ್ನ ಗಾಡಿ."

ಅಜ್ಜ: ಹಾಂ! ನಿನ್ನ ಮುತ್ತಜ್ಜಿ? ಊರಿಗೆ ಊರೇ ಹಸಿದು ಕೂತ ವರ್ಷ ಬೀಜದ ಚೀಲಾನ ತಲೆದಿಂಬು ಮಾಡ್ಕೊಂಡು ಮಲಗಿದ್ಳು. ಹೊಟ್ಟೆಗೆ ಒದ್ದೆಬಟ್ಟೆ ಬಿಗಿದುಕೊಂಡ್ಳೇ ಹೊರತು ಒಂದು ಕಾಳು ಬಾಯಿಗೆ ಹಾಕ್ಲಿಲ್ಲ. ಅಂಥ ವಂಶದಲ್ಲಿ ಹುಟ್ಟಿ ನೀನು ಸೊಪ್ಪು ಮೇಯ್ತಾ ಕೂತಿದೀಯಲ್ಲೇ!

ಮೊಮ್ಮಗಳು: ಮೇಯ್ತಿಲ್ಲ ಅಜ್ಜ. ಬೇಯಿಸ್ಕೊಂಡು ತಿಂತಿದೀನಿ.

ಅಜ್ಜ ಬೀಜದಂಗಡಿಯ ಯಜಮಾನ. ತಲೆತಲಾಂತರದಿಂದ ಬಂದ ಅಂಗಡಿ, ತಲೆತಲಾಂತರದಿಂದ ಬಂದ ಗಂಟಲು. ಮೊಮ್ಮಗಳು ಕಾಲೇಜಿಗೆಂದು ಬಂದು ಹೊಲಿಗೆಯಮ್ಮನ ಮನೆಯ ಮೇಲಿನ ಒಂಟಿ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದಳು. ತಾನೇ ಸಾಕಿದ ಕೆಂಪು ಕೋಳಿ ನೆಂಟರ ತಟ್ಟೆಗೆ ಹೋದ ದಿನವೇ ಅವಳು ಮಾಂಸ ಬಿಟ್ಟವಳು. ಅಂದಿನಿಂದ ಅಜ್ಜನ ಮನಸ್ಸಿನಲ್ಲಿ ಹುಡುಗಿ ದಿನಕ್ಕಿಷ್ಟು ಸವೆಯುತ್ತಲೇ ಇದ್ದಳು. ನಿನ್ನೆ ಹೊಲಿಗೆಯಮ್ಮ ಫೋನಿನಲ್ಲಿ "ನಿಮ್ಮ ಮೊಮ್ಮಗಳ ಊಟದ ವಿಷಯ..." ಎನ್ನುತ್ತಿದ್ದಂತೆ ಅಜ್ಜ ಫೋನಿಟ್ಟುಬಿಟ್ಟರು. ಬೆಳಗಾದೊಡನೆ ಒಂದು ಕ್ಯಾರಿಯರ್ ಹಿಡಿದು ಹೊರಟೇಬಿಟ್ಟರು. ಈಗ ಕೋಣೆಯ ಒಂದೇ ಒಂದು ಕುರ್ಚಿಯಲ್ಲಿ ಕುಳಿತು, ಮೆಟ್ಟಿಲು ಹತ್ತಿದ ಏದುಸಿರನ್ನು ಸಿಟ್ಟೆಂದು ತೋರಿಸುತ್ತಿದ್ದರು.

ಮೊಮ್ಮಗಳು: ಆ ಕ್ಯಾರಿಯರಲ್ಲಿ ಏನಿದೆ?

ಅಜ್ಜ: ಕೋಳಿ ಸಾರು. ಗಾಬರಿಯಾಗ್ಬೇಡ, ತುಂಡೆಲ್ಲ ಆರಿಸಿ ತೆಗೆದುಬಿಟ್ಟಿದೀನಿ. ಈಗದು ಸಸ್ಯಾಹಾರವೇ.

ಮೊಮ್ಮಗಳು: ಅಜ್ಜ!

ಅಜ್ಜ: ಸರಿ, ಕುಡೀಬೇಡ. ಟ್ರಂಕು ಕಟ್ಟು. ಇವತ್ತಿಂದ ನಿನ್ನ ವಾಸ ಸೋದರತ್ತೆ ಮನೇಲಿ. ಅವಳು ಬಾಯಿಗೆ ತುರುಕಿ ತಿನ್ನಿಸ್ತಾಳೆ.

ಮೊಮ್ಮಗಳ ಮುಖ ಬಾಡಿತು. ಅತ್ತೆಯ ಮನೆ ಊರಿನ ಇನ್ನೊಂದು ತುದಿ. ಅವಳಾದರೋ ಕಾಲೇಜಿನ ಗುಂಡು ಎಸೆತದ ತಂಡಕ್ಕೆ ಈಚೆಗಷ್ಟೇ ಆಯ್ಕೆಯಾದವಳು, ಬೆಳಕು ಹರಿಯುವ ಮೊದಲೇ ಮೈದಾನದಲ್ಲಿರಬೇಕಾದವಳು.

ಮೊಮ್ಮಗಳು: ಅಲ್ಲಿಂದ ನಾನು ಬಂದು ಮುಟ್ಟೋ ಹೊತ್ತಿಗೆ ಮಿಕ್ಕೋರು ಗುಂಡು ಎಸೆದು, ಮನೆಗೆ ಹೋಗಿ, ಸ್ನಾನಾನೂ ಮಾಡಿರ್ತಾರೆ. ತಂಡದಿಂದ ತೆಗೆದುಹಾಕ್ತಾರೆ ಅಜ್ಜ.

ಅಜ್ಜ: ಸೊಪ್ಪು ತಿಂದ ಕೈಲಿ ಗುಂಡು ಎಸೆದರೆ ಗುಂಡಿನ ಜೊತೆ ನೀನೂ ಹಾರಿಹೋಗ್ತೀಯ.

ಮೊಮ್ಮಗಳು: ಒಂದು ಊಟ ಹಾಕ್ತೀನಿ, ಉಂಡು ಆಮೇಲೆ ಮಾತಾಡಿ.

ಅಜ್ಜ: ಆಗಲಿ! ನಾನಾಗಿ ತಟ್ಟೆ ಮುಂದೆ ಹಿಡಿದು "ಇನ್ನಷ್ಟು ಬಡಿಸು" ಅಂತ ಬಾಯಿಬಿಟ್ಟು ಕೇಳಿದ್ರೆ ನೀನು ಇಲ್ಲೇ ಇರು. ಕೇಳದಿದ್ರೆ ಟ್ರಂಕು. ಮಾತು ಅಂದ್ರೆ ಮಾತು.

ಮೊಮ್ಮಗಳು ಚೀಲ ಹಿಡಿದು ಟೊಮೇಟೊ ತರಲು ಓಡಿದಳು. ಅವಳು ಇಳಿದದ್ದೂ ಹೊಲಿಗೆಯಮ್ಮ ಕೊರಳಿಗೆ ಅಳತೆಪಟ್ಟಿ ಜೋತುಹಾಕಿಕೊಂಡು, ಕೈಯಲ್ಲೊಂದು ಅಂಗಿ ಹಿಡಿದು ಹತ್ತಿಬಂದದ್ದೂ ಒಟ್ಟಿಗೇ ಆಯಿತು.

ಹೊಲಿಗೆಯಮ್ಮ: ಇದೇನು ಯಜಮಾನ್ರೇ, ನಿಜವಾಗ್ಲೂ ಬಂದೇಬಿಟ್ರಿ? ಹುಡುಗಿ ಅಂಗಿ ಕೊಡೋಣ ಅಂತ ಬಂದೆ.

ಅಜ್ಜ: ಬಿಗಿ ಮಾಡಿಸೋಕೆ ಕೊಟ್ಟಿದ್ಳಾ? ಪಾಪ, ಕಡ್ಡಿ ಆಗಿದಾಳೆ.

ಹೊಲಿಗೆಯಮ್ಮ: ಎಲ್ಲಿ ಬಿಗಿ? ತೋಳು ತೂರಲ್ಲ ಅಂತ ಹೊಲಿಗೆ ಬಿಚ್ಚಿ ಅಗಲ ಮಾಡಿದೀನಿ, ನೋಡಿ.

ಅಜ್ಜ ತೋಳನ್ನು ಹಿಗ್ಗಿಸಿ ನೋಡಿದರು, ತಿರುವಿ ನೋಡಿದರು. ಸಾಕ್ಷಿ ಎದುರಿಗೇ ನೇತಾಡುತ್ತಿತ್ತು. ಆದರೆ ಹಟ ಹಿಡಿದವನಿಗೆ ಹಗಲೂ ಕತ್ತಲೆ.

ಅಜ್ಜ: ಇದು ಊತ ಕಣಮ್ಮ. ಸೊಪ್ಪಿನ ಊತ.

ಹೊಲಿಗೆಯಮ್ಮ: ಊತವಾ! ನೀರಿನ ಕ್ಯಾನು ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತುತಾಳೆ, ಉಸಿರು ಕೂಡ ಬಿಡಲ್ಲ.

ಅಜ್ಜ: ಉಸಿರು ಬಿಡೋಕೂ ಶಕ್ತಿ ಇಲ್ಲ ಅನ್ನಿ! ಮತ್ತೆ ನೀವ್ಯಾಕೆ ಫೋನ್ ಮಾಡಿದ್ರಿ?

ಹೊಲಿಗೆಯಮ್ಮ: ಅವಳು ಒಗ್ಗರಣೆ ಹಾಕಿದ್ರೆ ವಾಸನೆ ಕೆಳಕ್ಕೆ ಇಳಿದು ನನ್ನ ಹೊಲಿಗೆ ತಪ್ಪುತ್ತೆ. ಮೊನ್ನೆ ಒಂದು ಶರಟಿನ ಜೇಬು ಬೆನ್ನಿಗೆ ಹೊಲಿದುಬಿಟ್ಟೆ. "ಅಡುಗೆ ಅಷ್ಟು ಚೆನ್ನಾಗಿ ಮಾಡ್ಬೇಡ ಅಂತ ಹೇಳಿ" ಅನ್ನೋಣ ಅಂತ ಫೋನ್ ಮಾಡಿದ್ದು. ನೀವು ಅರ್ಧಕ್ಕೇ "ಹೊರಟೆ!" ಅಂತ ಇಟ್ಟುಬಿಟ್ರಿ.

ಅಜ್ಜ ಕೇಳಿಸದವರಂತೆ ಎದ್ದು ಅಡುಗೆ ಮೂಲೆಯ ಕಡೆ ತಿರುಗಿದರು. ಅಲ್ಲಿ ಕಿಟಕಿಯ ಬಳಿ ಒಂದು ಗಾಜಿನ ಡಬ್ಬಿ, ಅದರ ಬಾಯಿಗೆ ಒದ್ದೆಬಟ್ಟೆ. ಬಟ್ಟೆ ಸರಿಸಿದರು. ಒಳಗೆ ಹೆಸರುಕಾಳು, ಪ್ರತಿಯೊಂದಕ್ಕೂ ಬಿಳಿ ಬಾಲ. ಅಕ್ಕಸಾಲಿ ಚಿನ್ನ ಹಿಡಿದಂತೆ ಒಂದನ್ನು ಬೆಳಕಿಗೆ ಹಿಡಿದರು. ಕಣ್ಣು ತೇವವಾಯಿತು.

ಅಜ್ಜ: ನೋಡಿದ್ರಾ ಅಮ್ಮ! ಬೀಜ ಮಾರೋ ಮೊದಲು ಒದ್ದೆಬಟ್ಟೇಲಿ ಇಟ್ಟು ಹುಟ್ಟುತ್ತಾ ಸಾಯುತ್ತಾ ನೋಡೋದು ನಮ್ಮ ಮನೆ ಪದ್ಧತಿ. ಮಗನಿಗೆ ಹೇಳಿ ಹೇಳಿ ಸೋತೆ, ತಲೆಗೆ ಹತ್ತಲಿಲ್ಲ. ಇವಳು ಯಾರಿಗೂ ಹೇಳದೆ ಇಲ್ಲಿ ಪರೀಕ್ಷೆ ಮಾಡ್ತಿದಾಳೆ. ಒಂದು ಕಾಳೂ ಸತ್ತಿಲ್ಲ!

ಹೊಲಿಗೆಯಮ್ಮ: ಪರೀಕ್ಷೆ ಅಲ್ಲ ಯಜಮಾನ್ರೇ, ಅದು...

ಅಜ್ಜ: ಸುಮ್ನಿರಿ. ಬಾಲ ಬಂದ ಬೀಜ ಕಾಯಲ್ಲ. ಇವತ್ತೇ ಮಣ್ಣು ಕಾಣಬೇಕು.

ಹೊಲಿಗೆಯಮ್ಮ "ಅಯ್ಯೋ, ನನ್ನ ಗುಲಾಬಿ ಕುಂಡ!" ಎನ್ನುವಷ್ಟರಲ್ಲಿ ಅಜ್ಜ ಬಾಲ್ಕನಿಯಲ್ಲಿ ಪಂಚೆ ಎತ್ತಿ ಕಟ್ಟಿ ಕುಕ್ಕರಗಾಲಲ್ಲಿ ಕುಳಿತಾಗಿತ್ತು. ಬೆರಳಿನಿಂದ ಗುಳಿ ತೋಡಿ, ಕಾಳಿಟ್ಟು, ಮಣ್ಣು ಮುಚ್ಚಿ, ಲೋಟದಲ್ಲಿ ನೀರು ಚಿಮುಕಿಸಿ ಎದ್ದರು. ಯಾವ ಕುಂಡವನ್ನೂ ಬಿಡಲಿಲ್ಲ. ಡಬ್ಬಿ ಖಾಲಿ, ಮನಸ್ಸು ತುಂಬಿತ್ತು.

ಮೊಮ್ಮಗಳು ಬಂದವಳೇ ಡಬ್ಬಿಗೆ ಕೈ ಹಾಕಿದಳು.

ಮೊಮ್ಮಗಳು: ಅಜ್ಜ, ಇದರಲ್ಲಿದ್ದದ್ದು?

ಅಜ್ಜ: ಎಲ್ಲಾನೂ ನೆಟ್ಟಿದೀನಿ ಮಗಳೇ, ಒಂದನ್ನೂ ಬಿಟ್ಟಿಲ್ಲ. ನಿನ್ನ ಬೆನ್ನು ತಟ್ಟಬೇಕು ಅನ್ನಿಸ್ತು. ಬಾ ಇಲ್ಲಿ.

ಮೊಮ್ಮಗಳು: ಅದು ನಿಮ್ಮ ಊಟ ಅಜ್ಜ!

ಅಜ್ಜನ ಕೈ ಗಾಳಿಯಲ್ಲೇ ನಿಂತಿತು.

ಅಜ್ಜ: ಬಾಲ ಬಂದ ಬೀಜಾನ... ತಿಂತೀಯಾ?

ಮೊಮ್ಮಗಳು: ದಿನಾ.

ಅಜ್ಜ: ಶಿವನೇ! ಅದು ಎದ್ದು ಕೂತು ಕಣ್ಣುಬಿಟ್ಟ ಕೂಸು ಕಣೆ! ಕೋಳಿಗೆ ಅಳ್ತೀಯ, ಇದಕ್ಕೆ ಕರುಳು ಚುರ್ ಅನ್ನಲ್ವಾ? ನಿನ್ನ ಮುತ್ತಜ್ಜಿ ಹೊಟ್ಟೆ ಬಿಗಿದುಕೊಂಡು ಬೀಜ ಉಳಿಸಿದ್ದು ನೀನು ಹೀಗೆ ನುಂಗಲಿ ಅಂತಾನಾ?

ಮೊಮ್ಮಗಳು: ಮತ್ತೆ ಇನ್ಯಾತಕ್ಕೆ? ಬಿತ್ತೋದು, ಬೆಳೆಯೋದು, ಮತ್ತೆ ಬಿತ್ತೋದು... ಕೊನೆಗೆ ಯಾರಾದ್ರೂ ತಿನ್ನಬೇಕಲ್ಲ ಅಜ್ಜ! ಅವರು ಹಸಿದಿದ್ದು ನಾನು ಹಸಿದಿರಲಿ ಅಂತ ಅಲ್ಲ.

ಹೊಲಿಗೆಯಮ್ಮ: ಸರಿಯಾಗಿ ಕತ್ತರಿಸಿದೆ.

ಅಜ್ಜ ಬಾಲ್ಕನಿಯ ಬಾಗಿಲಿಗೆ ಅಡ್ಡ ನಿಂತರು.

ಅಜ್ಜ: ಏನಾದ್ರೂ ಆಗಲಿ, ನೆಟ್ಟದ್ದನ್ನ ಕೀಳೋಕೆ ಬಿಡಲ್ಲ. ಊಟ ಇಲ್ಲ ಅಂದ್ರೆ ನೀನು ಪಂದ್ಯ ಸೋತೆ. ಟ್ರಂಕು ಎಲ್ಲಿ?

ಮೊಮ್ಮಗಳು: ರಾತ್ರಿ ನೆನೆಸಿದ ಕಡಲೆಕಾಳಿದೆ. ಅದಕ್ಕಿನ್ನೂ ಬಾಲ ಬಂದಿಲ್ಲ. ಅದನ್ನ ತಿಂದ್ರೆ ಪಾಪ ಬರುತ್ತಾ?

ಅಜ್ಜ: ...ಬಾಲ ಇಲ್ಲ ಅಂದ್ರೆ ನಡೆಯುತ್ತೆ.

ಕುಕ್ಕರ್ ಕೂಗಿತು. ಬೆಳ್ಳುಳ್ಳಿ ಕೆಂಪಗಾಯಿತು, ಟೊಮೇಟೊ ಕರಗಿತು, ಕಡಲೆ ಬಿತ್ತು, ಅದರ ಮೇಲೆ ರಾಶಿ ಸೊಪ್ಪು ಬಿದ್ದು ಹಿಡಿಯಷ್ಟಾಯಿತು. ಹುರಿದ ಶೇಂಗಾ ಕುಟ್ಟಿ ಮೇಲೆ ಉದುರಿಸಿ, ಬಿಸಿ ಅನ್ನದ ಜೊತೆ ತಟ್ಟೆಗೆ ಹಾಕಿದಳು. ಅಜ್ಜ ನೆಲದ ಮೇಲೆ ಕುಳಿತು, ಕಷಾಯ ಕುಡಿಯುವ ಮುಖದಿಂದ ಮೊದಲ ತುತ್ತು ಇಟ್ಟರು. ಎರಡನೆಯದಕ್ಕೆ ಮುಖ ಸಡಿಲವಾಯಿತು. ಆಮೇಲೆ ಮುಖವೇ ಕಾಣಲಿಲ್ಲ, ತಟ್ಟೆಯ ಮೇಲೆ ಬಗ್ಗಿದ ಬೋಳು ತಲೆಯಷ್ಟೇ ಕಂಡಿತು.

ತಟ್ಟೆ ಬೆಳ್ಳಗಾಯಿತು. ಮೊಮ್ಮಗಳು ಸೌಟು ಎತ್ತಿ ಹಿಡಿದು ನಿಂತಳು.

ಅಜ್ಜ: ಉಪ್ಪು ಸರಿಯಾಗಿದೆಯೋ ಇಲ್ವೋ ಗೊತ್ತಾಗ್ಲಿಲ್ಲ.

ಮೊಮ್ಮಗಳು: "ಬಡಿಸು" ಅನ್ನಿ.

ಅಜ್ಜ: ನಾನ್ಯಾಕೆ ಅನ್ಲಿ? ತಳದಲ್ಲಿ ಉಳಿದದ್ದು ಹಾಳಾಗುತ್ತಲ್ಲ ಅಂತ ಅಷ್ಟೇ.

ಹೊಲಿಗೆಯಮ್ಮ: ಹಾಳಾಗಲ್ಲ ಯಜಮಾನ್ರೇ, ನಾನಿದೀನಲ್ಲ.

ಅಜ್ಜ: ನೀವು ಆ ಕೋಳಿ ಸಾರು ತಗೊಳ್ಳಿ!

ಹೊಲಿಗೆಯಮ್ಮ ಎರಡನೆಯ ಮಾತಿಗೆ ಕಾಯದೆ ಕ್ಯಾರಿಯರನ್ನು ಮಡಿಲಿಗೆ ಎಳೆದುಕೊಂಡಳು. ಸೌಟು ಗಾಳಿಯಲ್ಲಿ, ತಟ್ಟೆ ನೆಲದಲ್ಲಿ. ಎರಡೂ ಕದಲಲಿಲ್ಲ. ಒಂದೇ ಬಳ್ಳಿಯ ಎರಡು ಕಾಯಿ, ಯಾವುದು ಮೊದಲು ಬಿದ್ದೀತು?

ಹೊಲಿಗೆಯಮ್ಮ: ಬಾಯಿಬಿಟ್ಟು ಕೇಳಿಲ್ಲ. ಅಂದ್ಮೇಲೆ ಯಜಮಾನ್ರು ಸೋತಿಲ್ಲಮ್ಮ.

ಮೊಮ್ಮಗಳು ಸೌಟು ಕೆಳಗಿಟ್ಟಳು. ಮಂಚದಡಿಯಿಂದ ಟ್ರಂಕನ್ನು ಒಂದೇ ಕೈಯಲ್ಲಿ ಸರ್ರನೆ ಎಳೆದು, ಪುಸ್ತಕ, ಬಟ್ಟೆ, ಅಭ್ಯಾಸದ ಗುಂಡು ಎಲ್ಲವನ್ನೂ ಒಳಗಿಟ್ಟು, ಅದೇ ಕೈಯಲ್ಲಿ ಹೆಗಲಿಗೇರಿಸಿದಳು.

ಮೊಮ್ಮಗಳು: ನಡೀರಿ. ಅತ್ತೆ ಮನೆಗೆ.

ಅಜ್ಜ ಟ್ರಂಕನ್ನು ನೋಡಿದರು. ಅದನ್ನು ಹೊತ್ತ ತೋಳನ್ನು ನೋಡಿದರು. ಕೆಸರಿನ ದಾರಿ, ಬಿಚ್ಚಿದ ಎತ್ತುಗಳು, ನೊಗಕ್ಕೆ ಕೊಟ್ಟ ಹೆಗಲು, ಎಲ್ಲವೂ ಕಣ್ಣಮುಂದೆ ಹಾದುಹೋದವು.

ಅಜ್ಜ: ಇಳಿಸು ಅದನ್ನ. ಅಷ್ಟು ಬೀಜ ನೆಟ್ಟಿದೀನಿ, ನೀನು ಹೊರಟುಹೋದ್ರೆ ನೀರು ಹಾಕೋರು ಯಾರು? ಕಾಯಿ ಬಿಡೋ ತನಕ ಕೋಣೆ ಬಿಟ್ಟು ಕದಲಕೂಡದು.

ಮೊಮ್ಮಗಳು: ಕಾಯಿ ಬಿಟ್ಟ ಮೇಲೆ?

ಅಜ್ಜ: ಮತ್ತೆ ಬಿತ್ತೋಕೆ ಬರ್ತೀನಿ.

ಟ್ರಂಕು ಧೊಪ್ಪನೆ ನೆಲಕ್ಕಿಳಿಯಿತು. ಅಜ್ಜ ಕೈ ಚಾಚಿ ಬಿಸಿ ಪಾತ್ರೆಯನ್ನು ಪಂಚೆಯ ತುದಿಯಲ್ಲಿ ಹಿಡಿದು ತಮ್ಮತ್ತ ಜಗ್ಗತೊಡಗಿದರು. ದಪ್ಪ ತಳದ ಪಾತ್ರೆ, ಸುಲಭಕ್ಕೆ ಕದಲಲಿಲ್ಲ. ಮೊಮ್ಮಗಳು ಓಡಿಬಂದಳು.

ಮೊಮ್ಮಗಳು: ಭಾರ ಇದೆ ಅಜ್ಜ, ಸುಡುತ್ತೆ. ಕೇಳದಿದ್ರೂ ಪರವಾಗಿಲ್ಲ, ಬಿಡಿ, ನಾನೇ ಬಡಿಸ್ತೀನಿ.

ಅಜ್ಜ: ದೂರ ಸರಿಯೇ! ಇದು ನನ್ನ ಗಾಡಿ.