ಘರಪಟ್ಟಿ ಸಾಹೇಬರು ಮನೆ ನೋಡಲು ಬಂದದ್ದು

ಲೋಕದಲ್ಲಿ ಬಿಲ್ಲು ಕಟ್ಟುವವರು ಬೇಕಾದಷ್ಟು ಜನ ಇದ್ದಾರೆ, ಬಿಲ್ಲು ಓದುವವರನ್ನು ಮಾತ್ರ ನಾನಿನ್ನೂ ಕಂಡಿಲ್ಲ. ನಾನೂ ಓದಿದವನಲ್ಲ. ಲೈಟ್ ಬಿಲ್ಲು ಕೈಗೆ ಬಂತೆಂದರೆ ನನ್ನ ಕಣ್ಣು ನೆಟ್ಟಗೆ ಕೆಳಗಿನ ಮೂಲೆಗೆ ಓಡುತ್ತದೆ. ಅಲ್ಲಿಯ ಅಂಕಿ ನೋಡಿ ‘ಅಯ್ಯಯ್ಯೋ’ ಅನ್ನುತ್ತೇನೆ, ಅಲ್ಲಿಗೆ ನನ್ನ ವ್ಯಾಸಂಗ ಮುಗಿಯಿತು. ಮೇಲೆ ಫಿಕ್ಸೆಡ್ ಚಾರ್ಜು, ಮೀಟರ್ ಬಾಡಿಗೆ ಅಂತ ಏನೇನೋ ಇರುತ್ತವೆ; ಇದ್ದುಕೊಳ್ಳಲಿ ಪಾಪ. ನನ್ನ ಹೆಂಡತಿ ಗಿರಿಜಾ ಓದುವ ಪದ್ಧತಿಯೇ ಬೇರೆ. ಆಕೆ ಯೂನಿಟ್ಟುಗಳನ್ನು ಅಪರಾಧಿಗಳಿಗೆ ಹಂಚುತ್ತಾಳೆ. “ಇದರಾಗ ಅರ್ಧಾ ನಿಮ್ಮ ಗೀಜರಿಂದು. ಈ ಮಡಗಾಂವ ಧಗಿಯೊಳಗ ಕುದಿಯೋ ನೀರಿಲೇ ಜಳಕಾ ಮಾಡವ್ರು ಊರಿಗೆಲ್ಲಾ ನೀವೊಬ್ಬರ ನೋಡ್ರಿ.” ನಳದ ಬಿಲ್ಲು ಬಂದಾಗ ಮಾತ್ರ ಆಕೆ ಒಳಗೆ ಒಗ್ಗರಣೆ ಹಾಕುತ್ತಿರುತ್ತಾಳೆ. ದಿನಾ ಎರಡು ಸಲ ಬಾಲ್ಕನಿ ತೊಳೆಯುವವರು ಯಾರು ಅಂತ ನಾನೂ ಕೇಳುವುದಿಲ್ಲ, ಮಧ್ಯಾಹ್ನ ಊಟ ಬೇಕಲ್ಲ.

ನಾವು ಧಾರವಾಡದವರು. ಗೋವಾದ ಮಡಗಾಂವ ಪೇಟೆಯಲ್ಲಿ ನನ್ನದೊಂದು ಸ್ಟೀಲ್ ಪಾತ್ರೆಯ ಅಂಗಡಿ. ಅರ್ಧ ಆಯುಷ್ಯ ಬಾಡಿಗೆ ಮನೆಗಳಲ್ಲಿ ಮೊಳೆ ಹೊಡೆಯಲು ಮಾಲಕರ ಅಪ್ಪಣೆ ಕೇಳುತ್ತಾ ಕಳೆದು, ಕಡೆಗೆ ಒಂದು ಸ್ವಂತ ಫ್ಲಾಟು ತಗೊಂಡೆವು. ಗೃಹಪ್ರವೇಶದ ದಿನ ಗಿರಿಜಾ ಒಂದು ಕಾರಣವೂ ಇಲ್ಲದೆ ಗೋಡೆಗೆ ನಾಲ್ಕು ಮೊಳೆ ಹೊಡೆದು ಕಣ್ಣೊರೆಸಿಕೊಂಡಳು. ಬಿಲ್ಡರನ ಕಾಗದದಲ್ಲಿ ಮನೆ ಎಂಬತ್ತೈದು ಚದರ ಮೀಟರ್ ಅಂತ ಬರೆದಿತ್ತು. ಹುಬ್ಬಳ್ಳಿಯಲ್ಲಿರುವ ಗಿರಿಜಾಳ ಅಕ್ಕನ ಮನೆಯ ಅಳತೆ ಫೂಟಿನಲ್ಲಿ. ಅಂಗಡಿಯ ಲೆಕ್ಕ ನೋಡೆಂದರೆ ತಲೆನೋವು ಅನ್ನುವ ನನ್ನ ಹೆಂಡತಿ, ನನ್ನ ಕ್ಯಾಲ್ಕುಲೇಟರ್ ಹಿಡಿದು ಕೂತು ಆ ಫೂಟುಗಳನ್ನೆಲ್ಲ ಮೀಟರಿಗೆ ಇಳಿಸಿದಳು. ಅಕ್ಕನದು ಎಪ್ಪತ್ತೈದು ಬಂತು. ಕೂಡಲೇ ಫೋನು ಹೋಯಿತು. “ಅಕ್ಕಾ, ಬಡವರ ಮನಿ ನೋಡಾಕ ಬರ್ರಿ. ಭಾಳ ದೊಡ್ಡದೇನಲ್ಲ ಬಿಡ್ರಿ, ನಿಮ್ಮದಕ್ಕಿಂತ ಹತ್ತ ಮೀಟರ್ ಹೆಚ್ಚ ಐತಿ ಅಷ್ಟ.” ಇಷ್ಟು ವಿನಯದಿಂದ ಆಕೆ ಮಾತಾಡಿದ್ದನ್ನು ನಾನು ಮದುವೆಯಲ್ಲೂ ಕೇಳಿರಲಿಲ್ಲ.

ಇಂಥ ಹೊತ್ತಿನಲ್ಲಿ ಮುನ್ಸಿಪಾಲ್ಟಿಯಿಂದ ಚೀಟಿ ಬಂತು. ಘರಪಟ್ಟಿ, ಅಂದರೆ ಮನೆಯ ತೆರಿಗೆ, ಎಷ್ಟೆಂದು ಗೊತ್ತು ಮಾಡಲು ಸೋಮವಾರ ಸಾಹೇಬರು ಬಂದು ಮನೆ ನೋಡುತ್ತಾರಂತೆ. ಗಿರಿಜಾಗೆ ಮನೆಗೆ ಯಾರು ಬಂದರೂ ಅವರು ಕನ್ಯೆ ನೋಡಲು ಬಂದ ಗಂಡಿನವರೇ. ಉಪ್ಪಿಟ್ಟು, ಶಿರಾ ಎರಡೂ ಆಗಲೇಬೇಕು, ಪಡದೆ ಬದಲಾಗಬೇಕು, ಹಿತ್ತಾಳೆಯ ದೀಪದ ಸಮೆಗಳು ಹೊಳೆಯಬೇಕು. ನನಗೋ ತೆರಿಗೆಯದೇ ಚಿಂತೆ. ಮೇಲಿನ ಮಹಡಿಯಲ್ಲಿ ಬೆಳಗಾವಿಯ ಕಾಡಪ್ಪ ಅಂತ ಬಟ್ಟೆ ವ್ಯಾಪಾರಿ ಇದ್ದಾರೆ, ಅವರ ಮನೆಯ ಅಳತೆ ಮೊದಲೇ ಆಗಿತ್ತು. ಓಡಿಹೋಗಿ ಕೇಳಿದೆ. “ಸಾವ್ಕಾರ್ರ, ಸಾಹೇಬ್ರು ಒಳಗ ಕಾಲಿಟ್ಟ ಕೂಡಲೇ ಅವರಿಗೆ ಅಯ್ಯೋ ಅನಿಸಬೇಕ್ರಿ,” ಎಂದರು ಕಾಡಪ್ಪ. “ನನ್ನ ಸೋಫಾ ಹರದಿತ್ತು, ಅದಕ್ಕ ನನಗ ಕಡಿಮಿ ಹಾಕ್ಯಾರ. ಟಿವಿ ಗಿವಿ ಇದ್ರ ನಮ್ಮ ಮನ್ಯಾಗ ತಂದಿಡ್ರಿ.” ಎಂಥ ದೊಡ್ಡ ಮನಸ್ಸು!

ಸೋಮವಾರ ಬೆಳಿಗ್ಗೆ ಗಿರಿಜಾ ಶಿರಾ ತಿರುವುತ್ತಿದ್ದಾಗ ನಾನು ನಮ್ಮ ಟಿವಿಯನ್ನು ತಬ್ಬಿಕೊಂಡು ಮೆಟ್ಟಿಲು ಹತ್ತಿದೆ. ಆಗಿನ್ನೂ ಡಬ್ಬಾ ಟಿವಿಯ ಕಾಲ. ಅದನ್ನು ಹೊತ್ತವನಿಗೆ ಎದುರಿನ ದಾರಿ ಕಾಣುವುದಿಲ್ಲ. ಆಮೇಲೆ ಮಿಕ್ಸರು, ಹೊಸ ಪಡದೆ, ಗಡಿಯಾರ. ಬಾಲ್ಕನಿಗೆ ಗಾಜು ಹಾಕಿಸಿ ಒಂದು ಪುಟ್ಟ ಕೋಣೆ ಮಾಡಿಕೊಂಡಿದ್ದೆವು, ಅದಕ್ಕೆ ಬೇರೆ ತೆರಿಗೆ ಬಿದ್ದೀತೆಂದು ಅದರ ಬಾಗಿಲಿಗೆ ಕಪಾಟು ಅಡ್ಡ ನೂಕಿದೆ. ಬೆವರೊರೆಸಿಕೊಳ್ಳುತ್ತಾ ಅಂಗಡಿ ಬೀಗ ತೆಗೆದು ಬರೋಣವೆಂದು ಹೋಗಿ ಹಿಂದಿರುಗಿದರೆ, ಪಡಸಾಲೆಯಲ್ಲಿ ನಮ್ಮದಕ್ಕಿಂತ ದೊಡ್ಡ ಟಿವಿ ಕೂತಿದೆ! ಅದರ ಮೇಲೆ ಕಸೂತಿ ಬಟ್ಟೆ, ಕೆಳಗೆ ಜಮಖಾನೆ. ಟಿವಿ ಜಾಗ ಖಾಲಿ ಕಂಡು ಮರ್ಯಾದೆ ಹೋಯಿತೆಂದು ಗಿರಿಜಾ ಮೇಲೆ ಹೋಗಿ, ಕಾಡಪ್ಪನವರ ಹೆಂಡತಿಯ ಕಿವಿಯಲ್ಲಿ ಏನೋ ಹೇಳಿ, ಅವರದೇ ಟಿವಿಯನ್ನು ಕಾಡಪ್ಪನವರ ತಲೆಯ ಮೇಲೆಯೇ ಹೊರಿಸಿ ಇಳಿಸಿದ್ದಳು. ಆ ಮಹಾತ್ಮರು ನನ್ನನ್ನು ನೋಡಿ, “ಹೆಣಮಕ್ಕಳ ಮುಂದ ನಮ್ಮದೇನ ನಡೀತೈತ್ರಿ,” ಅಂದು ಸೊಂಟ ಹಿಡಿದುಕೊಂಡು ಹೋದರು. ಅಷ್ಟರಲ್ಲಿ ಬಾಗಿಲ ಗಂಟೆ ಸದ್ದು ಮಾಡಿತು.

ಸಾಹೇಬರು ನಗುಮುಖದ ಗೋವಾದ ಮನುಷ್ಯ, ಕೊಂಕಣಿಗೆ ಹಿಂದಿ ಬೆರೆಸಿ ಮಾತಾಡುತ್ತಿದ್ದರು, ನಮ್ಮ ಕನ್ನಡ ಅವರಿಗೆ ತಿಳಿಯುತ್ತಿತ್ತು. ಟಿವಿಯನ್ನು ನೋಡಲೇ ಇಲ್ಲ. ನಾನು ಬೇಕೆಂದೇ ಉಟ್ಟ ಹರಕು ಲುಂಗಿಯನ್ನೂ ನೋಡಲಿಲ್ಲ. ಜೇಬಿನಿಂದ ಟೇಪು ತೆಗೆದು ಗೋಡೆಯಿಂದ ಗೋಡೆಗೆ ಎಳೆದರು, ಬರೆದುಕೊಂಡರು. ಸೋಫಾ ಅಡ್ಡ ಬಂತು, ಸರಿಸಿ ಎಂದರು, ಅಷ್ಟೇ. ನನಗೆ ತಡೆಯಲಾಗಲಿಲ್ಲ. ಟಿವಿಗೆಷ್ಟು ಬೀಳುತ್ತದೆ ಸಾಹೇಬ್ರೇ ಎಂದೆ. ಅವರು ಬಿದ್ದುಬಿದ್ದು ನಕ್ಕರು. ಘರಪಟ್ಟಿಗೆ ಮನೆ ಎಲ್ಲಿದೆ, ಎಷ್ಟು ದೊಡ್ಡದು, ನೀವೇ ಇದ್ದೀರೋ, ಬಾಡಿಗೆಗೆ ಕೊಟ್ಟಿದ್ದೀರೋ, ಅಂಗಡಿ ಇಟ್ಟಿದ್ದೀರೋ, ಇಷ್ಟೇ ಲೆಕ್ಕ. ಅದರ ಜೊತೆ ಬೀದಿ ದೀಪಕ್ಕೆ ಒಂದಿಷ್ಟು, ಕಸ ಒಯ್ಯುವುದಕ್ಕೆ ಒಂದಿಷ್ಟು. ನೀವು ಒಳಗೆ ಬೆಳ್ಳಿ ಮಂಚದ ಮೇಲೆ ಮಲಗಿರಿ, ಚಾಪೆಯ ಮೇಲೆ ಮಲಗಿರಿ, ಮುನ್ಸಿಪಾಲ್ಟಿಗೇನು? ಹೀಗೆ ಬಿಲ್ಲಿನ ಒಂದೊಂದು ಸಾಲನ್ನೂ ನನಗೆ ಬಿಡಿಸಿ ಹೇಳಿದ ಮೊದಲ ಪುಣ್ಯಾತ್ಮ ಅವರು. ಹೇಳುತ್ತಲೇ ಲೆಕ್ಕ ಕೂಡಿಸಿ, “ಅರವತ್ತನಾಲ್ಕು ಮೀಟರ್,” ಎಂದರು.

ನನಗೆ ಕುಣಿಯುವಷ್ಟು ಖುಷಿಯಾಯಿತು. ಮನೆ ಕಡಿಮೆ, ತೆರಿಗೆ ಕಡಿಮೆ! ಹಿಂದೆ ಧಡ್ ಅಂತ ಸದ್ದಾಯಿತು. ಗಿರಿಜಾ ಶಿರಾದ ತಟ್ಟೆಯನ್ನು ಟೇಬಲ್ಲಿನ ಮೇಲೆ ಕುಕ್ಕಿದ್ದಳು. “ಏನಂದ್ರಿ? ಎಂಬತ್ತೈದು ಐತ್ರೀ ನಮ್ಮ ಮನಿ!”

“ಕಿತೆಂ ಜಾಲೆಂ, ವಹಿನಿ?” ಏನಾಯಿತು ಅತ್ತಿಗೆ ಎಂದು ಸಾಹೇಬರು ಗಾಬರಿಯಾದರು.

“ಇನ್ನೊಮ್ಮೆ ಅಳೀರಿ. ಟೇಪ್ ಅಷ್ಟ ಜಗ್ಗಿ ಹಿಡೀಬ್ಯಾಡ್ರಿ, ಸ್ವಲ್ಪ ಸಡ್ಲ ಬಿಡ್ರಿ.”

ಅವರು ಸಮಾಧಾನದಿಂದ ತಿಳಿಸಿದರು. ಬಿಲ್ಡರು ಎಣಿಸಿದ್ದರಲ್ಲಿ ಗೋಡೆಯ ದಪ್ಪ, ಮೆಟ್ಟಿಲು, ಬಾಗಿಲ ಮುಂದಿನ ಜಾಗ, ಕೆಳಗಿನ ಪಂಪಿನ ಕೋಣೆಯಲ್ಲಿ ನಮ್ಮ ಪಾಲು, ಎಲ್ಲ ಸೇರಿದೆ. ಒಳಗೆ ಇರುವುದು ಇಷ್ಟೇ. ಆ ಮಾತು ಕಿವಿಗೆ ಬಿದ್ದು ನನ್ನ ಕುಣಿತ ಅಲ್ಲೇ ನಿಂತಿತು. ಅಂದರೆ ನಾನು ಆಯುಷ್ಯದ ಗಳಿಕೆ ಸುರಿದು ಕೊಂಡದ್ದರಲ್ಲಿ ಒಂದು ಕೋಣೆಯಷ್ಟು ಮೆಟ್ಟಿಲ ಮೇಲೆ ಬಿದ್ದಿದೆ! ಗಿರಿಜಾ ಮಾತ್ರ ಬೇರೆಯೇ ಲೆಕ್ಕದಲ್ಲಿದ್ದಳು. “ಅಕ್ಕಂದು ಎಪ್ಪತ್ತೈದ್ರೀ...” ಎಂದಳು. ಅಳು ಬಂದಿತ್ತು. “ಸಾಹೇಬ್ರ, ನೀವು ಎಂಬತ್ತೈದ ಬರಕೋರ್ರಿ. ತೆರಿಗಿ ಎಷ್ಟ ಬೀಳ್ತೈತೋ ಬೀಳಲಿ, ನಾವು ಕಟ್ತೇವಿ.” ಇಷ್ಟು ವರ್ಷದ ನೌಕರಿಯಲ್ಲಿ ಹೆಚ್ಚು ಹಾಕಿರೆಂದು ಗಂಟುಬಿದ್ದವರನ್ನು ಕಂಡಿಲ್ಲ ಎಂದು ಸಾಹೇಬರು ನನ್ನ ಕಡೆ ನೋಡಿದರು. ನೀವಾದರೂ ಬುದ್ಧಿ ಹೇಳಿ ಎಂಬಂತಿತ್ತು ಆ ನೋಟ.

ಹೆಂಡತಿಯ ಕಣ್ಣಲ್ಲಿ ನೀರು ನೋಡಿದರೆ ನನಗೆ ಬುದ್ಧಿ ಇರುವುದಿಲ್ಲ. ಸೆರಗಿನಿಂದ ಆಕೆ ಮೂಗೊರೆಸಿಕೊಂಡಳೋ ಇಲ್ಲವೋ, ನಾನು ಲುಂಗಿ ಎತ್ತಿಕಟ್ಟಿ ಕಪಾಟಿಗೆ ಹೆಗಲು ಕೊಟ್ಟು ಒಂದೇ ಏಟಿಗೆ ಪಕ್ಕಕ್ಕೆ ನೂಕಿದೆ. “ಸಾಹೇಬ್ರ, ಇಲ್ಲಿ ನೋಡ್ರಿ, ಬಾಲ್ಕನಿ! ಗಾಜು ಹಾಕಿಸೇವಿ, ಪೂರಾ ಕೋಣಿ ಮಾಡೇವಿ, ಅರ್ಜಿ ಗಿರ್ಜಿ ಏನೂ ಕೊಟ್ಟಿಲ್ಲ. ಅಳೀರಿ!” ಸಾಹೇಬರು ನನ್ನನ್ನೂ ಕಪಾಟನ್ನೂ ಒಮ್ಮೆ ನೋಡಿ, ಟೇಪು ಎಳೆದು ಅಳೆದರು. ಆರು ಮೀಟರ್ ಬಂತು. ಇದಕ್ಕೆ ಬೇರೆ ವಿಶೇಷ ಶುಲ್ಕ ಬೀಳುತ್ತದೆ, ಸಕ್ರಮ ಮಾಡಿಸಿಕೊಳ್ಳಬೇಕು ಎಂದರು. ಬೀಳಲಿ ಬಿಡ್ರಿ ಎಂದೆ. ಅವರು ಎರಡು ಸಲ ಶಿರಾ ಹಾಕಿಸಿಕೊಂಡು ತಿಂದು ಹೋದರು. ಎಪ್ಪತ್ತಕ್ಕೆ ಬಂದು ನಿಂತ ಮನೆಯಲ್ಲಿ ನಾವಿಬ್ಬರೂ ಉಳಿದ ಶಿರಾ ಬಳಿದು ತಿಂದೆವು. “ಅಕ್ಕಗ ಹೇಳಬ್ಯಾಡ್ರಿ ಮತ್ತ,” ಎಂದಳು ಗಿರಿಜಾ.

ಬಿಲ್ಲು ಬಂತು. ಆಯುಷ್ಯದಲ್ಲಿ ಮೊದಲ ಸಲ ಒಂದು ಬಿಲ್ಲನ್ನು ಮೇಲಿನಿಂದ ಕೆಳಗಿನವರೆಗೆ ಓದಿದೆ: ಮನೆ, ದೀಪ, ಕಸ, ಬಾಲ್ಕನಿಯ ವಿಶೇಷ. ಕಟ್ಟಲು ಹೋಗಿ ಸರದಿಯಲ್ಲಿ ನಿಂತಿದ್ದೆ. ನನ್ನ ಮುಂದಿನವನು ನಮ್ಮ ಕಡೆಯವನೇ, ಬಿಲ್ಲು ಹಿಡಿದು ತಲೆ ಚಚ್ಚಿಕೊಳ್ಳುತ್ತಿದ್ದ. “ತೊಂಬತ್ತು ಮೀಟರ್ ಬರದಾರ್ರಿ ನಂದು! ಹಿಂಗಾದ್ರ ಬದುಕೋದು ಹೆಂಗ್ರಿ?” ಒಳಗೇ ತೊಂಬತ್ತು! ಎಂಥ ನಸೀಬು ಇವನದು ಎಂದು ನನಗೆ ಹೊಟ್ಟೆ ಉರಿಯಿತು. “ನಿಮ್ಮದೆಷ್ಟ್ರಿ?” ಎಂದು ಅವನು ಕೇಳಿದ. ನಾನು ಬಿಲ್ಲನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಸೇರಿಸಿ, ಮುಖವನ್ನು ಆದಷ್ಟು ಸಣ್ಣದು ಮಾಡಿಕೊಂಡು, “ಏನ್ ಹೇಳ್ಲಿ ತಮ್ಮಾ, ನಂದೂ ಎಂಬತ್ತೈದು,” ಎಂದೆ.

“ಅಯ್ಯ ಪಾಪ!” ಎಂದ ಅವನು, ನನ್ನ ಭುಜ ತಟ್ಟಿ.

ಅಬ್ಬಾ, ಎಷ್ಟು ಹಿತವಾಯಿತು!