ನಮ್ಮ ಸಂಘದಲ್ಲಿ ಪ್ರಮಾಣವಚನ ನಿಂತ ಬಗೆ

ಧಾರ್ಮಿಕ ಸ್ವಾತಂತ್ರ್ಯದ ಪರವಾಗಿ ನಾನು ಬದುಕಿನಲ್ಲಿ ಒಂದೇ ಒಂದು ಸಲ ಗಟ್ಟಿಯಾಗಿ ನಿಂತಿದ್ದೇನೆ. ಅದಕ್ಕಾಗಿ ನನಗೊಂದು ಶಾಲು, ಒಂದು ಗಂಧದ ಹಾರ ಸಿಗಬಹುದೆಂದು ಕೆಲವು ದಿನ ಕಾದದ್ದೂ ಉಂಟು. ಸಿಗಲಿಲ್ಲ. ಯಾಕೆ ಸಿಗಲಿಲ್ಲ ಎಂಬುದನ್ನು ನಿಮಗೆ ಹೇಳಿಬಿಡುವುದು ಒಳ್ಳೆಯದು, ಬೇರೆಯವರ ಬಾಯಲ್ಲಿ ಕೇಳಿದರೆ ಇನ್ನೂ ಕೆಟ್ಟದಾಗಿ ಕೇಳಿಸುತ್ತದೆ. ನಮ್ಮ ಜನಕ್ಕೆ ಭಕ್ತಿ ಯಾವಾಗ ಉಕ್ಕುತ್ತದೆ ಎಂದು ಹೇಳಲು ಬರುವುದಿಲ್ಲ. ದೇವರ ಕೋಣೆಯ ದೀಪವನ್ನು ಹೆಂಡತಿಯ ಪಾಲಿಗೆ ಬಿಟ್ಟು ಜಗುಲಿಯಲ್ಲಿ ಪೇಪರ್ ಓದುತ್ತಾ ಕೂರುವ ಗಂಡಸು, ಪಕ್ಕದವನ ದೇವರ ಮಾತು ಬಂದರೆ ಸಾಕು, ಪಂಡಿತನಾಗಿ ಎದ್ದು ಕೂರುತ್ತಾನೆ. ತನ್ನ ಧರ್ಮದ ಪುಸ್ತಕದಲ್ಲಿ ಏನಿದೆ ಎಂದು ಅವನಿಗೆ ಗೊತ್ತಿರುವುದಿಲ್ಲ, ಪಕ್ಕದವನ ಪುಸ್ತಕದಲ್ಲಿ ಏನಿದೆ ಎಂಬುದು ಮಾತ್ರ ಚೆನ್ನಾಗಿ ಗೊತ್ತಿರುತ್ತದೆ. ನಾನೂ ಅಂಥವನೇ ಎಂದು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಕಡೆಯ ಸಣ್ಣ ಕಾಫಿ ಬೆಳೆಗಾರರು ಸೇರಿ ಕಟ್ಟಿಕೊಂಡ ಸಂಘವೊಂದಿದೆ. ಹಾನುಬಾಳಿನ ಗೊಬ್ಬರದಂಗಡಿಯೊಂದರ ಮಹಡಿಯ ಮೇಲೆ ಅದರ ಆಫೀಸು, ಹಿಂದುಗಡೆ ಒಂದು ಸ್ಟೋರು. ನಾನು ಅದರ ಕಾರ್ಯದರ್ಶಿ. ನಮ್ಮ ಮೊದಲ ಅಧ್ಯಕ್ಷರಿಗೆ ಸಮಾರಂಭವೆಂದರೆ ಪ್ರಾಣ. ಟೀವಿಯಲ್ಲಿ ಮಂತ್ರಿಗಳು ಪ್ರಮಾಣವಚನ ತೆಗೆದುಕೊಳ್ಳುವುದನ್ನು ನೋಡಿ ಅವರ ಕಣ್ಣು ತುಂಬಿ ಬಂದಿತ್ತಂತೆ. ಮಂತ್ರಿಗಳಿಗೆ ಉಂಟು, ನಮಗೆ ಯಾಕಿಲ್ಲ ಎಂದು ಅವರೇ ಒಂದು ಪ್ರಮಾಣ ಬರೆಸಿದರು. ಯಾರದೋ ಮದುವೆಯಲ್ಲಿ ಉಡುಗೊರೆಯಾಗಿ ಬಂದಿದ್ದ ಭಗವದ್ಗೀತೆಯನ್ನು ಕೆಂಪು ವಸ್ತ್ರದಲ್ಲಿ ಸುತ್ತಿ ತಂದಿಟ್ಟರು. ಅಂದಿನಿಂದ ಪ್ರತಿ ಹೊಸ ಅಧ್ಯಕ್ಷನೂ ಅದರ ಮೇಲೆ ಕೈಯಿಟ್ಟು ಪ್ರಮಾಣ ಮಾಡುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ನಮ್ಮಲ್ಲಿ ಹೆಚ್ಚಿನವರು ಲಿಂಗಾಯತರು, ಕೊರಳಲ್ಲಿ ಲಿಂಗ ಕಟ್ಟಿಕೊಂಡವರು, ಸಭೆಯಲ್ಲಿ ಮಾತೆತ್ತಿದರೆ ವಚನ ಹೇಳುವವರು. ನಮ್ಮ ಪ್ರಮಾಣಕ್ಕೆ ಗೀತೆ ಯಾಕೆ ಎಂದು ಇಷ್ಟು ವರ್ಷ ಒಬ್ಬನೂ ಕೇಳಿರಲಿಲ್ಲ. ಆ ವಸ್ತ್ರವನ್ನು ಬಿಚ್ಚಿ ಒಂದು ಪುಟ ಓದಿದವರೂ ಇರಲಿಲ್ಲ.

ಈ ಸಲ ಅಧ್ಯಕ್ಷರಾಗಿ ಬಾಳ್ಳುಪೇಟೆಯ ರಜಾಕ್ ಸಾಬರು ಅವಿರೋಧವಾಗಿ ಆಯ್ಕೆಯಾದರು. ಅವಿರೋಧ ಎಂದರೆ ಪ್ರೀತಿಯಿಂದ ಎಂದುಕೊಳ್ಳಬೇಡಿ. ಅಧ್ಯಕ್ಷನಾದವನು ಸ್ವಂತ ಡೀಸೆಲ್ ಸುಟ್ಟುಕೊಂಡು ಹಾಸನಕ್ಕೆ ಹೋಗಿ ಆಫೀಸುಗಳ ಬಾಗಿಲು ಕಾಯಬೇಕು, ಆ ಕೆಲಸ ಯಾರಿಗೂ ಬೇಕಿರಲಿಲ್ಲ. ಸಾಬರಿಗೆ ನಮ್ಮ ಹಾಗೆಯೇ ಒಂದಿಷ್ಟು ತೋಟವಿದೆ, ಜೀಪಿದೆ, ಬಾಳ್ಳುಪೇಟೆಯಲ್ಲಿ ಕಾಫಿ ಕೊಳ್ಳುವ ಗೋಡೌನಿದೆ. ಅವರೇನು ದೇವತಾ ಮನುಷ್ಯರಲ್ಲ. ಒಂದು ಬೀಜ ಬಾಯಿಗೆ ಹಾಕಿ ಕಚ್ಚಿ, "ಇನ್ನೂ ಹಸಿ ಐತೆ" ಎಂದರೆಂದರೆ ನಮ್ಮ ಒಂದು ವಾರದ ಬಿಸಿಲು ವ್ಯರ್ಥವಾಯಿತೆಂದೇ ಲೆಕ್ಕ. ಆದರೂ ಕಾಫಿ ಕೊಡಲು ನಾವು ಅವರ ಹತ್ತಿರವೇ ಹೋಗುತ್ತೇವೆ.

ಆಯ್ಕೆಯಾದ ಮರುದಿನವೇ ಉಪಾಧ್ಯಕ್ಷ ಪರಮೇಶಪ್ಪನವರು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು ಒಂದು ಪ್ರಶ್ನೆ ಎತ್ತಿದರು. ಸಾಬರು ಅಧ್ಯಕ್ಷರಾಗಲಿ, ಅದಕ್ಕೆ ತಮ್ಮದೇನೂ ಅಡ್ಡಿಯಿಲ್ಲ, ಆದರೆ ಪ್ರಮಾಣಕ್ಕೆ ಕೈ ಇಡುವುದು ಯಾವುದರ ಮೇಲೆ? ಗೀತೆಯ ಮೇಲೆ ಇಡುತ್ತಾರೋ, ಅವರ ಕುರಾನ್ ತರುತ್ತಾರೋ? ತಂದರೆ ನಮ್ಮ ಪದ್ಧತಿಯ ಗತಿಯೇನು? ಸಂಜೆಯ ಹೊತ್ತಿಗೆ ಪ್ರಶ್ನೆ ವಾಟ್ಸಾಪ್ ಗ್ರೂಪಿಗೆ ಬಂತು. ಕಾಫಿ ಕೊಳೆರೋಗಕ್ಕೆ ಯಾವ ಔಷಧಿ ಎಂದು ಕೇಳಿದರೆ ಉತ್ತರಿಸದವರೆಲ್ಲ ಪರಂಪರೆಯ ಬಗ್ಗೆ ಉದ್ದುದ್ದ ಬರೆದರು. ಗೀತೆ ಮುಟ್ಟಿದರೆ ಸಾಬರಿಗೆ ನಷ್ಟವೇನು ಎಂದು ಒಬ್ಬರು ಕೇಳಿದ್ದಕ್ಕೆ, ಸಾಬರು ಕುರಾನ್ ಮುಟ್ಟಿದರೆ ನಿಮಗೆ ನಷ್ಟವೇನು ಎಂದು ನಾನು ಬರೆದೆ. ಅವರು ಸಿಟ್ಟಾಗಿ ಗ್ರೂಪು ಬಿಟ್ಟು ಹೋದರು. ರಾತ್ರಿ ಊಟವಾದ ಮೇಲೆ ಫೋನು ಮಾಡಿ ಮತ್ತೆ ಸೇರಿಸಲು ಹೇಳಿದರು. ಸಾಬರು ಬೇಸರಪಟ್ಟು ಅಧ್ಯಕ್ಷಗಿರಿ ಬೇಡವೆಂದರೆ ಅದು ನೇರವಾಗಿ ನನ್ನ ತಲೆಗೇ ಬರುವುದಿತ್ತು. ಹಾಗಾಗಿ ನಾನು ಸಂಧಾನಕ್ಕೆ ಹೊರಟೆ.

ಗೋಡೌನಿನಲ್ಲಿ ಸಾಬರು ತಕ್ಕಡಿಯ ಪಕ್ಕ ನಿಂತಿದ್ದರು. ನಾನು ಸುತ್ತಿ ಬಳಸಿ ವಿಷಯ ತೆಗೆದೆ. ಅವರು ಪೂರ್ತಿ ಕೇಳಿಸಿಕೊಂಡು, ತಮ್ಮಲ್ಲಿ ಆಣೆ ಎಂದರೆ ಅಲ್ಲಾನ ಹೆಸರಿನಲ್ಲಿ ಮಾತ್ರ, ಪುಸ್ತಕವಿರುವುದು ಓದುವುದಕ್ಕೆ, ಮೇಜಿನ ಮೇಲಿಟ್ಟು ಕೈ ಊರುವುದಕ್ಕಲ್ಲ ಎಂದರು. ದೇವರ ಹೆಸರಿನಲ್ಲಿ ಎಂದು ಹೇಳಿ ಮುಗಿಸುತ್ತೇನೆ, ನಿಮ್ಮ ದೇವರಿಗೂ ನಮ್ಮ ದೇವರಿಗೂ ಆ ಮಾತು ಹೊಂದುತ್ತದಲ್ಲ ಎಂದರು. ನನಗೆ ಹೋದ ಜೀವ ಬಂದಂತಾಯಿತು. ಏಳುವಾಗ ಅವರು ತಕ್ಕಡಿಯ ಕಡೆ ನೋಡುತ್ತಾ ಒಂದು ಮಾತು ಹೇಳಿದರು.

"ನಮ್ಮಪ್ಪನ ಕಾಲದಿಂದ ನಿಮ್ಮೆಲ್ರ ಕಾಫಿನೂ ಇದರ ಮೇಲೆ ಕೂತೈತೆ ರುದ್ರಣ್ಣ. ಇಷ್ಟು ದಿನ ಯಾರೂ ಪುಸ್ತಕ ಕೇಳ್ಲಿಲ್ಲ."

ನನಗೆ ನಾಚಿಕೆಯಾಯಿತು. ಈ ಸಲ ಮಳೆ ಜಾಸ್ತಿ ಎಂದು ಹೇಳಿ ಬಸ್ಸು ಹತ್ತಿದೆ.

ಕುರಾನ್ ತರುವುದಿಲ್ಲ ಎಂಬ ಸುದ್ದಿ ತಿಳಿದು ಪರಮೇಶಪ್ಪನವರು ಸಂತೋಷಪಡುತ್ತಾರೆಂದು ನಾನು ತಿಳಿದಿದ್ದೆ. ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಅದನ್ನು ಹೇಳಿದೆನೋ ಇಲ್ಲವೋ, ಅವರ ಮುಖ ಕಪ್ಪಿಟ್ಟಿತು. "ಅದೆಂಗಾಯ್ತದೆ? ಪುಸ್ತಕ ಮುಟ್ಟದೆ ಬಾಯಲ್ಲಿ ಹೇಳಿದ್ರೆ ನಾಳೆ ಅವರನ್ನ ಹಿಡಿಯೋದು ಯಾತರಿಂದ? ಅವರ ಕುರಾನೇ ತರಲಿ, ಅದನ್ನೇ ಮುಟ್ಟಲಿ." ನಿನ್ನೆಯವರೆಗೆ ಕುರಾನ್ ಬಂದರೆ ಸಂಘ ಮುಳುಗಿತು ಎನ್ನುತ್ತಿದ್ದವರೆಲ್ಲ ಈಗ ಕುರಾನ್ ಇಲ್ಲದಿದ್ದರೆ ಸಂಘಕ್ಕೆ ಉಳಿಗಾಲವಿಲ್ಲ ಎಂದರು. ಸಂವಿಧಾನದಲ್ಲಿ ಮಂತ್ರಿಗಳ ಪ್ರಮಾಣಕ್ಕೇ ಪುಸ್ತಕದ ಸುದ್ದಿಯಿಲ್ಲ, ದೇವರ ಹೆಸರಿನಲ್ಲಿ ಎನ್ನಬಹುದು, ಬೇಡವಾದರೆ ಸತ್ಯನಿಷ್ಠೆಯಿಂದ ಎನ್ನಬಹುದು, ಅಷ್ಟೇ ಎಂದು ನಾನು ತಿಳಿಸಿ ಹೇಳಿದೆ. ಸಿನಿಮಾದ ಕೋರ್ಟುಗಳಲ್ಲಿ ಪುಸ್ತಕವನ್ನು ಕಣ್ಣಾರೆ ನೋಡಿದವರ ಮುಂದೆ ನನ್ನ ಸಂವಿಧಾನ ನಡೆಯಲಿಲ್ಲ.

ನನಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಒಂದು ಸಲಹೆ ಕೊಟ್ಟೆ. ಹಾಗಾದರೆ ಅಧ್ಯಕ್ಷರೊಬ್ಬರೇ ಯಾಕೆ, ಸಮಿತಿಯ ನಾವೆಲ್ಲರೂ ಅವತ್ತೇ ಪ್ರಮಾಣ ಮಾಡೋಣ, ಅವರವರು ನಂಬಿದ್ದನ್ನೇ ಮುಟ್ಟಿಕೊಂಡು ಮಾಡೋಣ. ನಾವು ಲಿಂಗವಂತರು ಎಡಗೈಯಲ್ಲಿ ಇಷ್ಟಲಿಂಗ ಹಿಡಿದು ಹೇಳೋಣ ಎಂದೆ. ಪರಮೇಶಪ್ಪನವರು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು. ಹಾಗಿದ್ದರೆ ಪ್ರಮಾಣವನ್ನು ಒಮ್ಮೆ ಓದಿಬಿಡಿ ಎಂದರು. ನಾನು ಓದಿದೆ. "ಸಂಘದ ಸ್ವತ್ತನ್ನು ಸ್ವಂತ ಕೆಲಸಕ್ಕೆ ಬಳಸುವುದಿಲ್ಲ, ಬಳಸಿಯೂ ಇಲ್ಲ" ಎಂಬ ಸಾಲಿಗೆ ಬರುವಷ್ಟರಲ್ಲಿ ಚಪ್ಪಾಳೆ ನಿಂತಿತ್ತು.

ಇಲ್ಲಿ ನಮ್ಮ ಸ್ಟೋರಿನ ವಿಷಯ ಹೇಳಬೇಕು. ಸದಸ್ಯರೆಲ್ಲ ಸರದಿಯ ಮೇಲೆ ಬಳಸಲೆಂದು ಸಂಘ ಒಂದಷ್ಟು ಸಾಮಾನು ಕೊಂಡಿತ್ತು. ಸ್ಟೋರಿಗೆ ಬೀಗವಿದೆ, ಒಳಗೆ ಸಾಮಾನಿಲ್ಲ. ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿ ಪರಮೇಶಪ್ಪನವರ ತೋಟದ ಸಿಲ್ವರ್ ಓಕ್ ಮರಕ್ಕೆ ಒರಗಿ ಎಷ್ಟು ಕಾಲವಾಯಿತೆಂದರೆ ಮೆಣಸಿನ ಬಳ್ಳಿ ಅದಕ್ಕೂ ಹಬ್ಬಿದೆ. ಸಂಘದ ಟಾರ್ಪಾಲಿನಡಿ ಖಜಾಂಚಿಯ ಸೌದೆ ಬೆಚ್ಚಗಿದೆ. ಯಾರದೋ ಗೀತೆಯ ಮೇಲೆ ಕೈಯಿಟ್ಟು ಇಂಥ ಸಾಲು ಹೇಳುವುದು ಇದುವರೆಗಿನ ಅಧ್ಯಕ್ಷರಿಗೆ ನೀರು ಕುಡಿದಷ್ಟು ಸುಲಭವಾಗಿತ್ತು. ದಿನಾ ಬೆಳಿಗ್ಗೆ ಸ್ನಾನ ಮಾಡಿ ಪೂಜಿಸುವ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಹೇಳುವುದು ಬೇರೆ ಮಾತು. ಎಲ್ಲರ ಕೈಯೂ ಅಂಗಿಯ ಮೇಲಿನಿಂದಲೇ ಒಮ್ಮೆ ಎದೆಯನ್ನು ಮುಟ್ಟಿ ನೋಡಿಕೊಂಡಿತು. ನನ್ನದೂ ಮುಟ್ಟಿತು.

ಆಮೇಲೆ ಪರಮೇಶಪ್ಪನವರು ಎದ್ದು ನಿಂತರು. ಅಂಥ ಭಾಷಣವನ್ನು ನಾನು ದೊಡ್ಡ ಸಭೆಗಳಲ್ಲೂ ಕೇಳಿಲ್ಲ. ಧರ್ಮವೆಂಬುದು ಮನೆಯೊಳಗಿನ ವಿಷಯ, ಅದನ್ನು ಸಂಘಕ್ಕೆ ತರಬಾರದು, ಒಬ್ಬರ ನಂಬಿಕೆಯನ್ನು ಇನ್ನೊಬ್ಬರು ಕೆದಕಬಾರದು, ಸಂವಿಧಾನದಲ್ಲೂ ಪುಸ್ತಕವಿಲ್ಲವೆಂದು ರುದ್ರಣ್ಣನೇ ಹೇಳಲಿಲ್ಲವೇ ಎಂದರು. ಪ್ರಮಾಣವಚನ ಅನ್ನುವುದನ್ನೇ ಕೈಬಿಡಬೇಕೆಂದು ಸೂಚಿಸಿದರು. ಖಜಾಂಚಿ ಅನುಮೋದಿಸಿದರು. ಒಂದು ಗಂಟೆಯೊಳಗೆ ನಮ್ಮ ಸಮಿತಿಯಷ್ಟು ಜಾತ್ಯತೀತವಾದದ್ದು ಘಟ್ಟದ ಮೇಲೆ ಇನ್ನೊಂದಿರಲಿಲ್ಲ. ನಿರ್ಣಯ ಬರೆದವನು ನಾನು. ಆತ್ಮಸಾಕ್ಷಿ, ಸೌಹಾರ್ದ, ಘನತೆ ಎಂಬ ಪದಗಳನ್ನೆಲ್ಲ ಹಾಕಿ, ಅಕ್ಷರ ದುಂಡಗೆ ಮಾಡಿ ಬರೆದೆ. ಶಾಲಿನ ಕನಸು ಬಿದ್ದದ್ದು ಅವತ್ತೇ.

ಮುಂದಿನ ಸಭೆಯಲ್ಲಿ ರಜಾಕ್ ಸಾಬರು ಯಾವ ಗಲಾಟೆಯೂ ಇಲ್ಲದೆ ಅಧ್ಯಕ್ಷರ ಕುರ್ಚಿಯಲ್ಲಿ ಕೂತರು. ನನ್ನ ನಿರ್ಣಯ ಓದಿಸಿ ಕೇಳಿದರು, ಒಳ್ಳೇದಾಯಿತು ಎಂದರು. ಆಣೆಯೇ ಇಲ್ಲವೆಂದಮೇಲೆ ಕಣ್ಣಲ್ಲಿ ನೋಡುವುದೊಂದೇ ದಾರಿ, ನಾಳೆ ಜೀಪು ತಂದು ಎಲ್ಲರ ಮನೆಗೂ ಬರುತ್ತೇನೆ, ಸಂಘದ ಸಾಮಾನು ಸ್ಟೋರಿಗೆ ಸೇರಿಸೋಣ ಎಂದರು. ಎಲ್ಲರೂ ತಲೆಯಾಡಿಸಿದರು. ಕಾರ್ಯದರ್ಶಿಯ ಮನೆಯಿಂದಲೇ ಶುರು ಮಾಡುವುದು ಮರ್ಯಾದೆ ಎಂದು ಪರಮೇಶಪ್ಪನವರು ಸೇರಿಸಿದರು.

ಮಾರನೆ ದಿನ ಇನ್ನೂ ಇಬ್ಬನಿ ಆರಿರಲಿಲ್ಲ, ಜೀಪು ನಮ್ಮ ಗೇಟಿಗೆ ಬಂತು. ಆ ಹೊತ್ತಿಗೆ ಮನೆಯ ಹಿಂದಿನ ತೋಟದಲ್ಲಿ ಕಳೆ ಹೊಡೆಯುವ ಮಿಷನ್ನು ಊರಿಗೆಲ್ಲ ಕೇಳುವಂತೆ ಅರಚುತ್ತಿತ್ತು. ಸಾಬರು ಕಿವಿಗೊಟ್ಟು ನಿಂತರು. ನನ್ನ ಹೆಂಡತಿ ಅತಿಥಿ ಸತ್ಕಾರದಲ್ಲಿ ಎಂದೂ ಹಿಂದೆ ಬಿದ್ದವಳಲ್ಲ. "ಬನ್ನಿ ಸಾಬ್ರೇ, ಕಾಫಿ ಕುಡೀರಿ. ಇನ್ನೊಂದು ಸಾಲು ಕಳೆ ಉಳಿದೈತೆ, ಮುಗುದ್ಮೇಲೆ ಸಂಘದ ಮಿಷನ್ ತಗೊಂಡ್ಹೋಗಿರಂತೆ. ಹೋದ ವರ್ಷದಿಂದ ನಮಗೆ ಭಾಳ ಅನುಕೂಲ ಆಯ್ತು," ಎಂದಳು.

"ಇಲ್ಲ ಸಾಬ್ರೇ, ಮೊನ್ನೆ ತಾನೇ ತಂದದ್ದು, ದೇವರಾಣೆಗೂ..." ಎಂದು ನಾನು ಶುರು ಮಾಡಿದೆ.

ಸಾಬರು ನನ್ನ ಹೆಗಲ ಮೇಲೆ ಕೈಯಿಟ್ಟರು. "ಬ್ಯಾಡ ಬಿಡಿ ರುದ್ರಣ್ಣ. ಆಣೆ ನಿಲ್ಸಿ ಅಂತ ಬರೆದವ್ರು ನೀವೇ, ನೀವೇ ತಪ್ಪಿದ್ರೆ ಹೆಂಗೆ?"

ಮಿಷನ್ನಿನ ಒಂದು ತುದಿ ಅವರು ಹಿಡಿದರು, ಇನ್ನೊಂದು ತುದಿ ನಾನು ಹಿಡಿದೆ. ಜೀಪಿಗೆ ಹತ್ತಿಸುವಾಗ ಅದಿನ್ನೂ ಬಿಸಿಯಾಗಿತ್ತು.